ತಾಳ ಯಾರ ಕೈಯಲ್ಲಿದೆ: ಲೋಕದ ಸ್ಪೋಕನ್ ವರ್ಡ್ ಕವಿತೆಯನ್ನು ದಾವಣಗೆರೆಯಲ್ಲಿ ಕೂತು ಕೇಳುವ ಬಗೆ

ದಾವಣಗೆರೆಯಲ್ಲಿ ಕಾಲೇಜು ಓದುತ್ತಿರುವ ಯಾರ ಮೊಬೈಲನ್ನು ತೆರೆದರೂ ಇಂಥದೊಂದು ವಿಡಿಯೊ ಎದುರಾಗುತ್ತದೆ. ಒಬ್ಬ ಯುವತಿ ಮೈಕಿನ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಹಾಳೆಯಿಲ್ಲ, ಪಕ್ಕದಲ್ಲಿ ಹಾರ್ಮೋನಿಯಂ ಇಲ್ಲ. ಮೊದಮೊದಲು ಮನೆಯ ಪಡಸಾಲೆಯಲ್ಲಿ ಮಾತಾಡಿದಂತೆ ಮೆಲ್ಲಗೆ ಶುರುಮಾಡುತ್ತಾಳೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಮಾತಿಗೆ ಓಟ ಬಂದು, ಒಂದೇ ಪದ ಮೂರು ನಾಲ್ಕು ಸಲ ಮರಳಿ ಬಡಿದು, ಕೂತವರು ಬೆರಳು ಚಿಟಿಕೆ ಹೊಡೆಯಲು ತೊಡಗುತ್ತಾರೆ. ಕೆಳಗೆ ಸ್ಪೋಕನ್ ವರ್ಡ್ ಎಂದು ಬರೆದಿರುತ್ತದೆ. ಸುಗಮ ಸಂಗೀತ ಕೇಳಿ ಬೆಳೆದವರು ಇದನ್ನು ನೋಡಿ, ರಾಗವೇ ಇಲ್ಲದ ಮೇಲೆ ಹಾಡು ಹೇಗಾದೀತು ಎನ್ನುತ್ತಾರೆ. ನವ್ಯ ಕಾವ್ಯವನ್ನು ಪುಸ್ತಕದಲ್ಲಿ ಓದಿ ಬೆಳೆದವರು, ಇಷ್ಟು ಜೋರಾಗಿ ಹೇಳಬೇಕಾದರೆ ಅದೆಂಥ ಕವಿತೆ ಎನ್ನುತ್ತಾರೆ. ಎರಡು ಆಕ್ಷೇಪಗಳ ಬೇರೂ ಒಂದೇ. ಅಚ್ಚಿನ ಪುಟ ಮತ್ತು ಧ್ವನಿಮುದ್ರಿಕೆ ಎರಡೂ ಮನೆಮನೆಗೆ ಬಂದ ಮೇಲೆ ನಾವು ಕವಿತೆಯನ್ನು ಕಣ್ಣಿಗೂ ಹಾಡನ್ನು ಕಿವಿಗೂ ಪಾಲು ಮಾಡಿಕೊಟ್ಟೆವು; ಆ ಪಾಲುಪಟ್ಟಿ ಬಹಳ ಹಳೆಯದೇನಲ್ಲ.

ಸ್ಪೋಕನ್ ವರ್ಡ್ ಎಂಬುದು ಪುಟಕ್ಕಾಗಿ ಅಲ್ಲದೆ ಬಾಯಿಗಾಗಿ ಕಟ್ಟಿದ ಹಲವು ಬಗೆಯ ಕವಿತೆಗಳಿಗೆ ಒಟ್ಟಾಗಿ ಇಟ್ಟ ಹೆಸರು. ಅಮೆರಿಕದ ಸ್ಲ್ಯಾಮ್ ಸ್ಪರ್ಧೆ, ಜಮೈಕಾ ಮೂಲದವರ ಡಬ್ ಕವಿತೆ, ಲೆಬನಾನಿನ ವಾದದ ಪದ, ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಬಾಸ್ಕ್ ನಾಡಿನ ಆಶುಕವಿತೆ, ಸೊಮಾಲಿಯಾದ ನೆನಪಿನ ಕಾವ್ಯ, ರ‍್ಯಾಪ್‌ನ ಒಂದು ದೊಡ್ಡ ಭಾಗ, ಇವೆಲ್ಲ ಇದರ ಒಳಗೋ ಅಂಚಿಗೋ ಬರುತ್ತವೆ. ಇವುಗಳನ್ನು ದೇಶವಾರು ಪಟ್ಟಿ ಮಾಡಿ ಓದಿದರೆ ಹೆಸರುಗಳು ಉಳಿಯುತ್ತವೆಯೇ ಹೊರತು ತಿರುಳು ತಲೆಗೆ ಹತ್ತುವುದಿಲ್ಲ. ಕೇಳುವಾಗ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಸಾಕೆಂದು ನನಗೆ ತೋರುತ್ತದೆ: ಇಲ್ಲಿ ತಾಳ ಯಾರ ಕೈಯಲ್ಲಿದೆ? ಹೇಳುವವನ ಕೈಯಲ್ಲೋ, ವಾದ್ಯದವನ ಕೈಯಲ್ಲೋ, ಎದುರಾಳಿಯ ಕೈಯಲ್ಲೋ, ಅಥವಾ ಕೂತು ಕೇಳುವವರ ಕೈಯಲ್ಲೋ? ಸಾಲು ಎಷ್ಟು ಉದ್ದವಿರಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಮಾತನ್ನು ಎರಡು ಸಲ ಹೇಳಬೇಕು ಎಂಬುದೆಲ್ಲ ಈ ಪ್ರಶ್ನೆಯ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಮೊದಲು ಕಿವಿಗೆ ಒಂದು ಸಣ್ಣ ಪ್ರಯೋಗ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರು ದಾವಣಗೆರೆ. ಗಿರಣಿಗಳ ಕಾಲ ಮುಗಿದ ಮೇಲೂ ಹಳಬರ ಮಾತಿನಲ್ಲಿ ಅವು ಇನ್ನೂ ನಡೆಯುತ್ತಿವೆ. ಅದನ್ನೇ ಹಿಡಿದು ಉದಾಹರಣೆಗೆಂದು ಕಟ್ಟಿದ ಎರಡು ಸಾಲುಗಳು ಇವು:

ಗಿರಣಿ ಕೂಗಿದಾಗ ಎದ್ದ ಊರು ನಮ್ಮದು,
ಗಿರಣಿ ನಿಂತ ಮೇಲೆ ನಿದ್ದೆ ಬಾರದೂರಿದು.

ತೊಡೆ ತಟ್ಟಿಕೊಂಡು ಓದಿದರೆ ಗಿರಣಿ, ಕೂಗಿ, ದಾಗ, ಎದ್ದ, ಊರು ಎಂದು ಮೂರು ಮೂರು ಮಾತ್ರೆಯ ಐದು ಗಣಗಳು ಸಿಗುತ್ತವೆ, ಕೊನೆಗೆ ನಾಲ್ಕು ಮಾತ್ರೆಯ ‘ನಮ್ಮದು’. ಅದರಾಚೆ ಎರಡು ಮಾತ್ರೆಯಷ್ಟು ಜಾಗ ಖಾಲಿ ಉಳಿಯುತ್ತದೆ. ಸುಗಮ ಸಂಗೀತದವರು ಆ ಖಾಲಿಯನ್ನು ಕೊನೆಯ ಸ್ವರ ಎಳೆದು ತುಂಬುತ್ತಾರೆ. ಗಮಕದವರು ತಾಳವನ್ನೇ ಸಡಿಲಬಿಟ್ಟು, ಅರ್ಥ ಎಲ್ಲಿ ಮುರಿಯುತ್ತದೋ ಅಲ್ಲಿ ಮುರಿದು, ‘ಕೂಗಿದಾಗ’ ಎಂಬುದನ್ನು ಒಂದೇ ಪದವಾಗಿ ಕೇಳಿಸುತ್ತಾರೆ. ಸ್ಪೋಕನ್ ವರ್ಡ್ ಹೇಳುವವರು ಮಾಡುವುದು ಬೇರೆಯೇ. ಮೊದಲ ಸಾಲನ್ನು ತಾಳಕ್ಕೆ ಕಟ್ಟಿ ಹೇಳಿ ಕೇಳುವವರ ಮೈಗೆ ಆ ತಾಳವನ್ನು ಹಿಡಿಸುತ್ತಾರೆ. ಎರಡನೆಯ ಸಾಲಿನಲ್ಲಿ ‘ಗಿರಣಿ ನಿಂತ ಮೇಲೆ’ ಎಂಬಲ್ಲಿಗೆ ಬಂದು ಗಕ್ಕನೆ ನಿಲ್ಲುತ್ತಾರೆ. ಬಾಯಿ ನಿಂತರೂ ಕೇಳುವವರ ಒಳಗೆ ತಾಳ ನಡೆದೇ ಇರುತ್ತದೆ. ಎರಡು ಗಣದಷ್ಟು ಹೊತ್ತು ಕಾಯಿಸಿ, ‘ನಿದ್ದೆ ಬಾರದೂರಿದು’ ಎಂಬುದನ್ನು ಯಾವ ಏರಿಳಿತವೂ ಇಲ್ಲದೆ, ಪಕ್ಕದ ಮನೆಯವರಿಗೆ ಸುದ್ದಿ ಹೇಳಿದ ಹಾಗೆ ಹೇಳಿಬಿಡುತ್ತಾರೆ. ಹೀಗೆ ತಾಳವನ್ನು ಮೊದಲು ಕೊಟ್ಟು ಆಮೇಲೆ ಕಿತ್ತುಕೊಳ್ಳುವುದೇ ಈ ಕಲೆಯ ಮುಖ್ಯ ವಿದ್ಯೆ. ಅದು ಪುಟದ ಮೇಲೆ ಕಾಣುವುದಿಲ್ಲ. ಆದ್ದರಿಂದಲೇ ಇಂಥ ಕವಿತೆಗಳನ್ನು ಅಚ್ಚಿನಲ್ಲಿ ಓದಿದವರಿಗೆ ಅವು ಎಷ್ಟೋ ಸಲ ತೆಳುವಾಗಿ ತೋರುತ್ತವೆ.

ಇಂದು ನಾವು ನೋಡುವ ವೇದಿಕೆಯ ಶೈಲಿ ಬಹುಮಟ್ಟಿಗೆ ಅಮೆರಿಕದ ನಗರಗಳಲ್ಲಿ ರೂಪುಗೊಂಡಿತು. 1968ರ ಮೇ 19ರಂದು, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾಲ್ಕಮ್ ಎಕ್ಸ್ ಅವರ ಹುಟ್ಟುಹಬ್ಬದ ದಿನ, ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಉದ್ಯಾನದಲ್ಲಿ ಲಾಸ್ಟ್ ಪೊಯೆಟ್ಸ್ ಎಂಬ ಕಪ್ಪು ಕವಿಗಳ ತಂಡ ಕೈಯಿಂದ ಬಡಿಯುವ ಚರ್ಮವಾದ್ಯಗಳ ಜೊತೆಗೆ ಕವಿತೆ ಹೇಳಿತು. ಎರಡು ವರ್ಷಗಳ ನಂತರ ಗಿಲ್ ಸ್ಕಾಟ್ ಹೆರಾನ್ ಎಂಬ ಕವಿ, ಕಾಂಗಾ ಎಂಬ ಉದ್ದನೆಯ ಚರ್ಮವಾದ್ಯದ ಬಡಿತದ ಮೇಲೆ, ಟಿವಿ ಜಾಹೀರಾತುಗಳ ಮಾತನ್ನೇ ಎತ್ತಿಕೊಂಡು ಅಣಕಿಸುವ ಕವಿತೆಯನ್ನು ಧ್ವನಿಮುದ್ರಿಸಿದರು. 1973ರಲ್ಲಿ ಮಿಗೆಲ್ ಅಲ್ಗರೀನ್ ಎಂಬ ಪೋರ್ಟೊರಿಕೊ ಮೂಲದ ಕವಿ ನ್ಯೂಯಾರ್ಕಿನ ತಮ್ಮ ಮನೆಯ ಹಜಾರದಲ್ಲಿ ಶುರುಮಾಡಿದ ಕವಿಗಳ ಕೂಟ ಮುಂದೆ ನ್ಯೂಯೊರಿಕನ್ ಪೊಯೆಟ್ಸ್ ಕೆಫೆಯಾಗಿ ಬೆಳೆಯಿತು. ಸ್ಪರ್ಧೆಯ ರೂಪ ಬಂದದ್ದು ಷಿಕಾಗೊದಿಂದ. ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿಗೆ ಅಲ್ಲಿನ ಕವಿಗೋಷ್ಠಿಗಳು ಸತ್ತಂತೆ ಕಂಡಿದ್ದವು. 1986ರ ಜುಲೈನಲ್ಲಿ ಗ್ರೀನ್ ಮಿಲ್ ಎಂಬ ಜಾಜ್ ಕ್ಲಬ್ಬಿನಲ್ಲಿ ಅವರು ವಾರವಾರದ ಸ್ಲ್ಯಾಮ್ ಆರಂಭಿಸಿದರು. ಜಿಲ್ಲಾ ಸಾಹಿತ್ಯ ಸಮ್ಮೇಳನದ ಮಧ್ಯಾಹ್ನದ ಕವಿಗೋಷ್ಠಿಯಲ್ಲಿ, ವೇದಿಕೆಯ ಮೇಲೆ ಮೂವತ್ತು ಕವಿಗಳೂ ಕೆಳಗೆ ಅವರ ಮನೆಯವರೂ ಮಾತ್ರ ಉಳಿದಿರುವುದನ್ನು ನೋಡಿದ ಯಾರಿಗಾದರೂ ಸ್ಮಿತ್ ಅವರ ಅಸಹನೆ ಅರ್ಥವಾದೀತು.

ಸ್ಲ್ಯಾಮಿನ ನಿಯಮಗಳು ನೋಡಲು ಆಟದಂತಿದ್ದರೂ ಕವಿತೆಯ ಒಳಗನ್ನೇ ತಿದ್ದಿದವು. ಸಭೆಯಿಂದಲೇ ಐದು ಮಂದಿಯನ್ನು ಆರಿಸಿ ತೀರ್ಪುಗಾರರನ್ನಾಗಿ ಕೂರಿಸುತ್ತಾರೆ, ಅವರು ವಿಮರ್ಶಕರಾಗಿರಬೇಕಿಲ್ಲ. ಪ್ರತಿಯೊಬ್ಬರೂ ಹತ್ತರೊಳಗೆ ಅಂಕ ಕೊಡುತ್ತಾರೆ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ, ಹೀಗಾಗಿ ಪೂರ್ಣಾಂಕ 30. ಕವಿತೆ ಸ್ವಂತದ್ದಾಗಿರಬೇಕು, ಮೂರು ನಿಮಿಷ ಮೀರಬಾರದು, ವೇಷ, ಸಾಮಾನು, ವಾದ್ಯ ಯಾವುದೂ ಕೂಡದು. ವಾದ್ಯ ನಿಷಿದ್ಧವಾದ ಕೂಡಲೇ ತಾಳ ಸಂಪೂರ್ಣವಾಗಿ ಹೇಳುವವರ ಬಾಯಿಗೆ ಬಂದುಬಿಟ್ಟಿತು. ಒಂದೇ ಪದಗುಚ್ಛದಿಂದ ಸಾಲುಗಳನ್ನು ಆರಂಭಿಸುವುದು, ಪಟ್ಟಿಗಳನ್ನು ಒಂದೇ ಉಸಿರಿನಲ್ಲಿ ಪೇರಿಸುವುದು, ಎರಡನೆಯ ನಿಮಿಷದ ಕೊನೆಗೆ ಧ್ವನಿ ಏರಿಸಿ ಆಮೇಲೆ ಪಿಸುಮಾತಿಗೆ ಇಳಿಯುವುದು ಎಲ್ಲ ಈ ಮೂರು ನಿಮಿಷದ ಒತ್ತಡದ ಮಕ್ಕಳು. ಅಮೆರಿಕದ ವಿಮರ್ಶಕ ಹೆರಾಲ್ಡ್ ಬ್ಲೂಮ್ 2000ನೇ ಇಸವಿಯಲ್ಲಿ ಸ್ಲ್ಯಾಮನ್ನು ಕಲೆಯ ಸಾವೆಂದೇ ಬೈದರು. ನನಗೆ ಅದು ಸಾವಾಗಿ ಕಾಣುವುದಿಲ್ಲ. ಆದರೆ ಒಂದು ಸಂಜೆ ಹತ್ತು ಸ್ಲ್ಯಾಮ್ ಕವಿತೆಗಳನ್ನು ಕೇಳಿದರೆ ಹತ್ತೂ ಒಂದೇ ಜಾಗದಲ್ಲಿ ಏರಿ ಒಂದೇ ಜಾಗದಲ್ಲಿ ಇಳಿಯುವುದು ಕಿವಿಗೆ ಬೀಳುತ್ತದೆ. ನಿಮಿಷ ಮತ್ತು ಅಂಕ ಎರಡೂ ಒಂದೇ ಆದಾಗ ಸ್ವರದ ನಕ್ಷೆಯೂ ಒಂದೇ ಆಗುತ್ತದೆ. ಬೆಂಗಳೂರಿನ ಕೆಫೆಗಳಿಂದ ಹೊರಟು ಈಗ ನಮ್ಮ ಜಿಲ್ಲೆಗಳ ಕಾಲೇಜುಗಳಿಗೂ ಬಂದಿರುವ ಓಪನ್ ಮೈಕ್‌ಗಳಲ್ಲಿ ಕನ್ನಡದ ಮಾತು ಈ ಅಮೆರಿಕನ್ ನಕ್ಷೆಯ ಮೇಲೆಯೇ ನಡೆಯುವುದನ್ನು ಕೇಳಬಹುದು: ಸಾಲಿನ ಕೊನೆಯ ಅಕ್ಷರವನ್ನು ಪ್ರಶ್ನೆ ಕೇಳಿದಂತೆ ಮೇಲೆತ್ತಿ ಬಿಡುವುದು ಕನ್ನಡದ ಆಡುಮಾತಿನ ಸಹಜ ಧಾಟಿಯಲ್ಲ.

ವಾದ್ಯಕ್ಕೆ ತಾಳ ಒಪ್ಪಿಸಿದ ಕವಿತೆಯನ್ನು ಅರಿಯಲು ಡಬ್ ಕವಿತೆಯಷ್ಟು ಸೊಗಸಾದ ಉದಾಹರಣೆ ಬೇರೊಂದಿಲ್ಲ. ಜಮೈಕಾದಲ್ಲಿ ರೆಗೆ ಎಂಬ ಅಲ್ಲಿನ ಜನಪ್ರಿಯ ಸಂಗೀತದ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ಗಾಯಕನ ಧ್ವನಿಯನ್ನು ತೆಗೆದುಹಾಕಿ ಬಾಸ್ ಮತ್ತು ಡ್ರಮ್ಮನ್ನು ಮುಂದೆ ತಂದ, ಡಬ್ ಎಂಬ ಖಾಲಿ ರೂಪ ಇರುತ್ತಿತ್ತು. ಆ ಖಾಲಿ ರೂಪದ ಮೇಲೆ ಬೀದಿಯ ದೊಡ್ಡ ಸ್ಪೀಕರುಗಳ ಮುಂದೆ ನಿಂತು ಮಾತು ಹೆಣೆಯುವುದು ರೂಢಿಯಾಯಿತು. ಅದರ ಜೊತೆಗೆ ರೆಗೆಯ ಒಂದು ಲಕ್ಷಣವನ್ನೂ ಗಮನಿಸಬೇಕು: ನಾಲ್ಕು ಎಣಿಕೆಯ ಆವರ್ತದಲ್ಲಿ ಮೊದಲ ಎಣಿಕೆಯ ಬಡಿತವನ್ನು ಬಿಟ್ಟು, ಮೂರನೆಯದರ ಮೇಲೆ ಡ್ರಮ್ ಬೀಳುತ್ತದೆ. ನಮ್ಮ ಕಿವಿ ಸಮ ಎಂದು ಕಾಯುವ ಜಾಗದಲ್ಲೇ ಬರಿದು ಇರುತ್ತದೆ. ಮಾತಾಡುವವರು ಆ ಬರಿದಿನೊಳಗೆ ತಮ್ಮ ಪದವನ್ನು ಇಡುತ್ತಾರೆ.

1952ರಲ್ಲಿ ಜಮೈಕಾದಲ್ಲಿ ಹುಟ್ಟಿ 1963ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ಗೆ ಬಂದ ಲಿಂಟನ್ ಕ್ವೆಸಿ ಜಾನ್ಸನ್ ಈ ಕ್ರಮಕ್ಕೆ ಕಾವ್ಯದ ಗಾಂಭೀರ್ಯ ತಂದವರು. ಪೊಲೀಸರ ದೌರ್ಜನ್ಯವನ್ನೂ, 1981ರ ಜನವರಿಯಲ್ಲಿ 13 ಮಂದಿ ಕಪ್ಪು ಯುವಜನರು ಸತ್ತ ನ್ಯೂ ಕ್ರಾಸ್‌ನ ಬೆಂಕಿ ದುರಂತವನ್ನೂ ಅವರು ಜಮೈಕಾದ ಆಡುನುಡಿಯಲ್ಲೇ ಹೇಳಿದರು. ಬರೆಯುವಾಗಲೂ ಕಾಗುಣಿತವನ್ನು ಶಾಲೆಯ ಇಂಗ್ಲಿಷಿಗೆ ತಿದ್ದಲಿಲ್ಲ. ಡೆನಿಸ್ ಬೊವೆಲ್ ಎಂಬ ಬಾಸ್ ವಾದಕ ಅವರ ಮಾತಿನ ಲಯವನ್ನು ಕೇಳಿ ಅದಕ್ಕೆ ತಕ್ಕ ಸಂಗೀತ ಕಟ್ಟಿದರು, ಅಂದರೆ ಸಂಗೀತ ಮಾತಿನ ಹಿಂದೆ ನಡೆಯಿತು. ವಾದ್ಯವಿಲ್ಲದೆ ಅವರು ಒಬ್ಬರೇ ನಿಂತು ಹೇಳಿದರೂ ಬಾಸ್ ಕೇಳಿಸಿದಂತೆಯೇ ಆಗುವುದು ಇದರಿಂದ. 2002ರಲ್ಲಿ ಪೆಂಗ್ವಿನ್ ತನ್ನ ಆಧುನಿಕ ಕ್ಲಾಸಿಕ್ ಮಾಲೆಯಲ್ಲಿ ಅವರ ಕವಿತೆಗಳನ್ನು ತಂದಾಗ, ಬದುಕಿರುವಾಗಲೇ ಆ ಮಾಲೆಗೆ ಸೇರಿದ ಎರಡನೆಯ ಕವಿ ಅವರಾದರು.

ಇದನ್ನು ಓದುವ ದಾವಣಗೆರೆಯವರಿಗೆ ಹತ್ತಿರದ ಒಂದು ಚರಿತ್ರೆ ನೆನಪಾಗದೆ ಇರದು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ಹರಿಹರದಲ್ಲಿ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ಮೊದಲ ಸಂಕಲನದ ಕವಿತೆಗಳು ಸಮಿತಿಯ ಜಾಥಾಗಳಲ್ಲಿ ಪುಸ್ತಕಕ್ಕಿಂತ ಮುಂದೆ ಊರೂರಿಗೆ ಹೋದವು, ಅವೂ ಆಡುಮಾತಿನ ಉಚ್ಚಾರವನ್ನು ತಿದ್ದದೆ ಬರೆದವು. ಜಾಥಾದ ವಾದ್ಯ ತಮಟೆ. ನಮ್ಮ ಉತ್ತರದ ತಾಲ್ಲೂಕುಗಳಲ್ಲಿ ಹಲಗೆ. ಜಯದೇವ ವೃತ್ತದಲ್ಲಿ ಪ್ರತಿಭಟನೆ ಶುರುವಾಗುವ ಮುಂಚೆ ಬಂದು ನಿಂತವರು ಇದನ್ನು ನೋಡಿರುತ್ತಾರೆ: ರಸ್ತೆಬದಿಯಲ್ಲಿ ಹಳೆಯ ಪೇಪರನ್ನೋ ಒಣಹುಲ್ಲನ್ನೋ ಹೊತ್ತಿಸಿ, ತಮಟೆಯ ಚರ್ಮವನ್ನು ಉರಿಯ ಮೇಲೆ ಆಡಿಸಿ ಬಿಗಿ ಮಾಡಿಕೊಳ್ಳುತ್ತಾರೆ, ಬೆರಳಿನಿಂದ ಟಕ್ಕೆಂದು ಬಡಿದು ನೋಡುತ್ತಾರೆ, ಸಾಲದಿದ್ದರೆ ಮತ್ತೆ ಕಾಯಿಸುತ್ತಾರೆ. ಹಾಡು ಹೇಳುವವನು ಸೊಲ್ಲಿನ ಅರ್ಥದ ಭಾಗಕ್ಕೆ ಬಂದಾಗ ತಮಟೆಯವನು ಪೆಟ್ಟನ್ನು ಅಂಚಿಗೆ ಸರಿಸಿ ಸಣ್ಣದು ಮಾಡುತ್ತಾನೆ. ಪಲ್ಲವಿ ಬರುತ್ತಿದ್ದಂತೆ ನಡುಚರ್ಮಕ್ಕೆ ಬಂದು ಎಲ್ಲರ ಗಂಟಲನ್ನೂ ಎತ್ತಿಸುತ್ತಾನೆ. ಬ್ರಿಕ್ಸ್‌ಟನ್ನಿನ ಬಾಸ್ ಮಾಡುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಇರುವುದು ಒಂದೆಡೆ. ಡಬ್ ಕವಿತೆಯಲ್ಲಿ ಜನ ಕೇಳುತ್ತಾರೆ, ಜಾಥಾದ ಹಾಡಿನಲ್ಲಿ ಜನ ಹೇಳುತ್ತಾರೆ. ಆದ್ದರಿಂದ ಜಾಥಾದ ಪಲ್ಲವಿ ನಡೆಯುತ್ತಾ ಹೇಳಲಾಗುವಷ್ಟು ಗಿಡ್ಡವಾಗಿರಲೇಬೇಕು, ಹೆಜ್ಜೆಯ ಅಳತೆಯೇ ಅಲ್ಲಿ ಛಂದಸ್ಸು. ಚೆನ್ನೈನಲ್ಲಿ 2017ರಲ್ಲಿ ರೂಪುಗೊಂಡ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಆ ಊರಿನ ಬಡವರ ಕೇರಿಗಳ ಗಾನಾ ಹಾಡು, ತಮಟೆಯಂಥ ಪರೈ ವಾದ್ಯ, ರ‍್ಯಾಪ್ ಮೂರನ್ನೂ ಒಂದೇ ವೇದಿಕೆಗೆ ತಂದಾಗ ಈ ಎರಡು ಕ್ರಮಗಳೂ ಒಟ್ಟಿಗೆ ಕೇಳಿಸಿದವು.

ಬರವಣಿಗೆಯೇ ಇಲ್ಲದ ಕಡೆ ತಾಳದ ಕೆಲಸ ಇನ್ನೂ ಹೆಚ್ಚು, ಏಕೆಂದರೆ ನೆನಪನ್ನು ಹಿಡಿದಿಡುವುದೂ ಅದರ ಪಾಲಿಗೇ ಬರುತ್ತದೆ. ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ಸಿಕ್ಕಿದ್ದು 1972ರಲ್ಲಿ. ಅದಕ್ಕೂ ಮೊದಲು, ಅದರ ನಂತರವೂ ಅಲ್ಲಿ ಕವಿತೆಯೇ ಪತ್ರಿಕೆ, ಕವಿತೆಯೇ ನ್ಯಾಯಪಂಚಾಯಿತಿಯ ವಾದ. ಗಬಯ್ ಎಂಬ ಅವರ ಗಂಭೀರ ಪ್ರಕಾರದಲ್ಲಿ ಕವಿ ಒಂದು ಧ್ವನಿಯನ್ನು ಆರಿಸಿಕೊಂಡರೆ, ಕವಿತೆ ಮುಗಿಯುವವರೆಗೆ ಸಾಲುಸಾಲಿನಲ್ಲೂ ಆ ಧ್ವನಿಯಿಂದ ಮೊದಲಾಗುವ ಪದ ಬಂದೇ ಬರಬೇಕು. ಕೇಳಿದವನು ಒಂದು ಪದ ಮರೆತರೂ ಯಾವ ಅಕ್ಷರದ ಪದವನ್ನು ಹುಡುಕಬೇಕೆಂದು ಅವನಿಗೆ ಗೊತ್ತಿರುತ್ತದೆ. ಕವಿತೆಗಳನ್ನು ಬಾಯಿಪಾಠ ಮಾಡಿ ಒಯ್ದು ಬೇರೆ ಕಡೆ ಹೇಳುವುದಕ್ಕೆಂದೇ ಜನರಿದ್ದರು. ಅವರು ಕವಿಯ ಹೆಸರು ಹೇಳಿಯೇ ಹೇಳಬೇಕು, ಪದ ಬದಲಿಸಬಾರದು. 1970ರ ದಶಕದ ಹೊತ್ತಿಗೆ ಆ ಕೆಲಸವನ್ನು ಕ್ಯಾಸೆಟ್ಟುಗಳು ವಹಿಸಿಕೊಂಡವು, ಸರ್ಕಾರವನ್ನು ಟೀಕಿಸಿದ ಕವಿತೆಗಳು ಕೈಯಿಂದ ಕೈಗೆ ದಾಟಿದವು. ಹದ್ರಾವಿ ಎಂಬ ಹೆಸರಿನಿಂದ ಪ್ರಸಿದ್ಧರಾದ, 2022ರಲ್ಲಿ ತೀರಿಕೊಂಡ ಕವಿ 1973ರಿಂದ ಐದು ವರ್ಷ ಸೆರೆಮನೆಯಲ್ಲಿದ್ದರು.

ಕನ್ನಡದ ಹಳೆಯ ಪದ್ಯಗಳ ಆದಿಪ್ರಾಸವೂ ಇದೇ ಜಾತಿಯ ಕಟ್ಟು; ನಮ್ಮದು ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಕಟ್ಟಿದ್ದು, ಅವರದು ಪದದ ಮೊದಲ ಧ್ವನಿಗೆ. ಮಂಜೇಶ್ವರ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ಕೈಬಿಟ್ಟದ್ದು ಅಚ್ಚಿನ ಕಾವ್ಯಕ್ಕೆ ಬಿಡುಗಡೆಯಾಯಿತು, ನಿಜ. ಬಾಯಲ್ಲಿ ಉಳಿಯಬೇಕಾದ ಕಾವ್ಯಕ್ಕೆ ಪ್ರಾಸ ಎಂದೂ ಸಂಕೋಲೆಯಾಗಿರಲಿಲ್ಲ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯೇ ಸಾಕ್ಷಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು ಹೇಳುವಾಗ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಜೊತೆಗಿರುತ್ತದೆ. ಕೊಳಲನ್ನು ಊದುವ ಬಾಯಿ ಅದೇ ಹೊತ್ತಿಗೆ ಹಾಡಲಾರದು. ಹೀಗಾಗಿ ಕಥೆಯ ಒಂದು ತುಂಡು, ಗಣೆಯ ಒಂದು ತುಂಡು ಎಂದು ಸರದಿ ಏರ್ಪಡುತ್ತದೆ, ಗಣೆ ಊದುವ ಹೊತ್ತು ಮುಂದಿನ ಸೊಲ್ಲನ್ನು ನೆನಪಿನಿಂದ ಎತ್ತಿಕೊಳ್ಳುವ ಹೊತ್ತೂ ಆಗುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ರಾಜರ ವಂಶಾವಳಿಯನ್ನೂ 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟನ ಕಥೆಯನ್ನೂ ಹೇಳುವ ಗ್ರಿಯೊಗಳಿಗೆ 21 ತಂತಿಯ ಕೋರಾ ಇದೆ. ಬೆರಳು ನುಡಿಸುತ್ತಿರುವಾಗ ಬಾಯಿ ಬಿಡುವಾಗಿರುವುದರಿಂದ ಅವರ ಮಾತು ವಾದ್ಯದ ಮೇಲೆಯೇ ಹರಿಯುತ್ತದೆ. ಮನೆಬಾಗಿಲಿಗೆ ಬಂದು ವಂಶ ಹೊಗಳುವ ನಮ್ಮ ಹೆಳವರ ಕಸುಬಿಗೂ ಗ್ರಿಯೊಗಳ ಕಸುಬಿಗೂ ಹೋಲಿಕೆ ಬಹಳ. ದಕ್ಷಿಣ ಆಫ್ರಿಕಾದ ಹೊಗಳುಕವಿಗಳಿಗೆ ಹೊಗಳುವ ಹಕ್ಕಿನ ಜೊತೆಗೆ ತೆಗಳುವ ಹಕ್ಕೂ ಉಂಟು. 1994ರ ಮೇ 10ರಂದು ನೆಲ್ಸನ್ ಮಂಡೇಲಾ ಅಧ್ಯಕ್ಷರಾಗಿ ಪ್ರಮಾಣ ಮಾಡಿದಾಗ ಅಂಥ ಕವಿಯೊಬ್ಬರು ವೇದಿಕೆಯಲ್ಲಿ ನುಡಿದರು.

ತಾಳ ಎದುರಾಳಿಯ ಕೈಗೆ ಹೋದಾಗ ಏನಾಗುತ್ತದೆ ಎಂಬುದು ಇನ್ನೊಂದು ಕಥೆ. ಯುನೆಸ್ಕೊ 2014ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ ಲೆಬನಾನಿನ ಜಜಲ್‌ನಲ್ಲಿ ಎರಡು ಪಂಗಡಗಳು ಎದುರುಬದುರಾಗಿ ಕೂತು, ದಪ್ಪಿನಂಥ ವಾದ್ಯದ ಮೇಲೆ ಸವಾಲು ಜವಾಬು ನಡೆಸುತ್ತವೆ. ಹಿಂದೆ ಕೂತವರು ಕೊನೆಯ ಸಾಲನ್ನು ಮತ್ತೆ ಹಾಡುತ್ತಾರೆ. ಹರದೇಶಿ ನಾಗೇಶಿ ಲಾವಣಿಯನ್ನು, ಗೀಗೀ ಮೇಳವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು: ಹಿಮ್ಮೇಳದವರು ಗೀಗೀ ಎನ್ನುವ ಆ ನಾಲ್ಕು ಕ್ಷಣಗಳು ಮುಂದಾಳು ಮುಂದಿನ ನುಡಿಯನ್ನು ಹೊಂದಿಸಿಕೊಳ್ಳುವ ಸಮಯ. ಬಾಸ್ಕ್ ನಾಡಿನ ಬೆರ್ಟ್ಸೊಲಾರಿ ಎಂಬ ಆಶುಕವಿಗಳಿಗೆ ಅಷ್ಟು ಬಿಡುವೂ ಇಲ್ಲ. ವೇದಿಕೆಯಲ್ಲಿ ಒಬ್ಬರು ವಿಷಯ ಕೊಡುತ್ತಾರೆ, ಉದಾಹರಣೆಗೆ ಒಬ್ಬಳು ಮನೆ ಬಿಟ್ಟು ಹೊರಟ ಮಗಳು, ಇನ್ನೊಬ್ಬಳು ಅವಳ ತಾಯಿ; ಕೆಲವೇ ಕ್ಷಣಗಳಲ್ಲಿ ಗೊತ್ತಿರುವ ಒಂದು ಮಟ್ಟನ್ನು ಹಿಡಿದು, ಗೊತ್ತಾದ ಅಂತ್ಯಪ್ರಾಸದ ಕಟ್ಟಿನಲ್ಲಿ ಪದ್ಯವನ್ನು ಹಾಡಬೇಕು, ಅದಕ್ಕೆ ಎದುರಿನವಳು ಉತ್ತರಿಸಬೇಕು. ಅವರ ಗುಟ್ಟು ಹಿಮ್ಮುಖವಾಗಿ ಯೋಚಿಸುವುದರಲ್ಲಿದೆ: ಬಾಯಿ ತೆರೆಯುವ ಮುನ್ನ ಕೊನೆಯ ಸಾಲು ಸಿದ್ಧವಾಗಿರುತ್ತದೆ, ಮೊದಲ ಸಾಲುಗಳನ್ನು ಅಲ್ಲಿಗೆ ತಲುಪುವ ದಾರಿಯಾಗಿ ಹಾಡುತ್ತಲೇ ಕಟ್ಟುತ್ತಾರೆ. ಪ್ರಾಸದ ಜಾಡು ಹಿಡಿದ ಸಭೆ ಕೊನೆಯ ಸಾಲನ್ನು ಊಹಿಸಿ ಜೊತೆಗೆ ಹಾಡುವುದೂ ಉಂಟು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಂತಿಮ ಸ್ಪರ್ಧೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬರುತ್ತಾರೆ, ಗೆದ್ದವರಿಗೆ ಒಂದು ಟೊಪ್ಪಿಗೆ ತೊಡಿಸುತ್ತಾರೆ. 2009ರಲ್ಲಿ ಆ ಟೊಪ್ಪಿಗೆ ಮೊದಲ ಬಾರಿಗೆ ಒಬ್ಬ ಹೆಣ್ಣಿಗೆ, ಮಾಯಾಲೆನ್ ಲುಹಾನ್ಬಿಯೊ ಅವರಿಗೆ ದಕ್ಕಿತು. ನಮ್ಮ ಅಷ್ಟಾವಧಾನದಲ್ಲೂ ಆಶುಕವಿತೆ ಇದೆ, ಆದರೆ ಅಲ್ಲಿ ಎದುರು ಕೂತ ಪೃಚ್ಛಕರು ಪಂಡಿತರು, ಕಟ್ಟಳೆ ಛಂದಶ್ಶಾಸ್ತ್ರದ್ದು. ಬಾಸ್ಕರಲ್ಲಿ ಹಳ್ಳಿಯ ಊಟದ ಮನೆಯಿಂದ ಕ್ರೀಡಾಂಗಣದವರೆಗೆ ಒಂದೇ ಕಟ್ಟಳೆ ನಡೆಯುತ್ತದೆ.

ಟಿವಿ ಈ ಸ್ಪರ್ಧೆಗಳನ್ನು ಹಿಗ್ಗಿಸಿದೆ. ಅಬುಧಾಬಿಯಲ್ಲಿ ನಡೆಯುವ ನಬಾತಿ, ಅಂದರೆ ಅರಬ್ಬರ ಆಡುನುಡಿಯ ಕವಿತೆಗಳ ಸ್ಪರ್ಧೆಯಲ್ಲಿ 2010ರಲ್ಲಿ ಹಿಸ್ಸಾ ಹಿಲಾಲ್ ಎಂಬ ಸೌದಿ ಮಹಿಳೆ ಕಟ್ಟರ್ ಫತ್ವಾಗಳನ್ನು ಟೀಕಿಸುವ ಕವಿತೆ ಹೇಳಿ ಮೂರನೆಯ ಸ್ಥಾನ ಪಡೆದರು. ಮುಖ ಪೂರ್ತಿ ಮುಚ್ಚಿದ್ದರಿಂದ ಅವರ ಇಡೀ ಅಭಿನಯ ಧ್ವನಿಯೊಂದರಲ್ಲೇ ನಡೆಯಬೇಕಾಯಿತು.

ಇನ್ನು ರ‍್ಯಾಪ್. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್, ಹಾಡಿನ ಮಧ್ಯೆ ಬರೀ ಡ್ರಮ್ ಇರುವ ತುಣುಕನ್ನು ಎರಡು ತಟ್ಟೆಗಳ ನಡುವೆ ಬದಲಾಯಿಸುತ್ತಾ ಉದ್ದ ಮಾಡಿದರು ಎಂಬಲ್ಲಿಂದ ಹಿಪ್ ಹಾಪ್‌ನ ಕಥೆಯನ್ನು ಸಾಮಾನ್ಯವಾಗಿ ಆರಂಭಿಸುತ್ತಾರೆ. ಇಲ್ಲಿ ತಾಳ ಯಂತ್ರದ್ದು. ಅದು ಯಾರಿಗೂ ಕಾಯುವುದಿಲ್ಲ. ನಾಲ್ಕು ಎಣಿಕೆಯ ಒಂದು ಬಾರ್, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಡ್ರಮ್ಮಿನ ಚಟ್ ಎಂಬ ಪೆಟ್ಟು, ಇಂಥ ಹದಿನಾರು ಬಾರ್‌ಗಳಿಗೆ ಒಂದು ಪದ್ಯ ಎಂಬುದು ರೂಢಿಯ ಲೆಕ್ಕ. ಇಂಗ್ಲಿಷಿನಲ್ಲಿ ಪ್ರತಿ ಪದಕ್ಕೂ ಹುಟ್ಟಾ ಒಂದು ಒತ್ತುವ ಅಕ್ಷರವಿದೆ. ರ‍್ಯಾಪರ್ ಆ ಅಕ್ಷರವನ್ನು ಸ್ನೇರಿನ ಮೇಲೆ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ಕನ್ನಡದಲ್ಲಿ ಅಂಥ ಬಲವಾದ ಒತ್ತು ಇಲ್ಲ. ನಮ್ಮ ಲೆಕ್ಕವೆಲ್ಲ ಲಘು ಗುರುವಿನದು, ಅಂದರೆ ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರದು. ಕುಮಾರವ್ಯಾಸನ ಭಾಮಿನಿ ಮೂರು ನಾಲ್ಕರ ಮಾತ್ರೆಗಳಲ್ಲಿ ನಡೆಯುತ್ತದೆ, ಅದನ್ನು ನಾಲ್ಕು ಎಣಿಕೆಯ ಬಾರಿಗೆ ಹಾಗೆಯೇ ತುರುಕಿದರೆ ಎರಡೇ ಸಾಲಿಗೆ ಹಳಿ ತಪ್ಪುತ್ತದೆ. ಕನ್ನಡ ರ‍್ಯಾಪನ್ನು ಕಿವಿಗೊಟ್ಟು ಕೇಳಿದರೆ ಇದಕ್ಕೆ ಕಂಡುಕೊಂಡ ಪರಿಹಾರ ತಿಳಿಯುತ್ತದೆ: ಒತ್ತಕ್ಷರ. ಮೇಲಿನ ನಮ್ಮ ಎರಡು ಸಾಲಿನ ‘ಎದ್ದ’, ‘ನಿದ್ದೆ’ಗಳನ್ನೇ ನೋಡಿ, ದ್ದ ಎನ್ನುವಾಗ ನಾಲಿಗೆ ಒಂದು ಕ್ಷಣ ಗಾಳಿಯನ್ನು ತಡೆದು ಬಿಡುತ್ತದೆ, ಆ ಬಿಡುಗಡೆಯ ಸದ್ದನ್ನು ಸ್ನೇರಿನ ಪೆಟ್ಟಿಗೆ ಸರಿಯಾಗಿ ತಂದರೆ ಇಂಗ್ಲಿಷಿನ ಒತ್ತಿಗಿಂತ ಗಟ್ಟಿಯಾಗಿ ಕೇಳುತ್ತದೆ. ಮಧ್ಯ ಕರ್ನಾಟಕದ ಆಡುಮಾತು, ಸ್ವರಗಳನ್ನು ನುಂಗಿ ವ್ಯಂಜನಗಳನ್ನು ಒಂದರ ಮೇಲೊಂದು ಹೇರುವುದರಿಂದ, ಈ ಕೆಲಸಕ್ಕೆ ಪುಸ್ತಕದ ಕನ್ನಡಕ್ಕಿಂತ ಚೆನ್ನಾಗಿ ಒದಗುತ್ತದೆ. ‘ಹೋಗುತ್ತೇನೆ’ ಎಂಬುದಕ್ಕೆ ಬೇಕಾದ ಜಾಗದಲ್ಲಿ ‘ಹೊಕ್ಕೀನಿ’ ಹಾಕಿದರೆ ಅರ್ಧ ಎಣಿಕೆ ಉಳಿಯುತ್ತದೆ, ಮೇಲಾಗಿ ಒಂದು ಪೆಟ್ಟೂ ಸಿಗುತ್ತದೆ. ಬಿಟ್ಟುಹೋಗಿದ್ದ ಪ್ರಾಸ ಸಾಲಿನ ಎರಡನೆಯ ಅಕ್ಷರದಿಂದ ಸಾಲಿನ ಕೊನೆಗೆ ಸರಿದು, ಪಂಡಿತರ ಅಪ್ಪಣೆಯಿಲ್ಲದೆ ಮರಳಿ ಬಂದಿರುವುದೂ ರ‍್ಯಾಪಿನ ಮೂಲಕವೇ. ಸೆನೆಗಲ್‌ನಲ್ಲಿ 2013ರಿಂದ ಷೂಮಾನ್ ಮತ್ತು ಕೀಟಿ ಎಂಬ ಇಬ್ಬರು ರ‍್ಯಾಪರುಗಳು ಒಬ್ಬರು ಫ್ರೆಂಚಿನಲ್ಲೂ ಇನ್ನೊಬ್ಬರು ವೊಲೊಫ್ ಭಾಷೆಯಲ್ಲೂ ವಾರ್ತೆಗಳನ್ನೇ ರ‍್ಯಾಪ್ ಮಾಡಿ ಓದಿದರು. ವಾರ್ತೆಯ ಗದ್ಯವನ್ನು ಬಾರಿಗೆ ಕೂರಿಸಬಹುದಾದರೆ ಬೇರೆ ಯಾವ ಗದ್ಯಕ್ಕೂ ಹೆದರಬೇಕಿಲ್ಲ.

ಗದ್ಯ ಎಂದಾಗ ವಚನದ ಮಾತು ಬರಲೇಬೇಕು. ಸಿರಿಗೆರೆ, ಸಾಣೇಹಳ್ಳಿ, ಚಿತ್ರದುರ್ಗದ ಮಠಗಳ ಸುತ್ತ ಬೆಳೆದವರ ಕಿವಿಯಲ್ಲಿ ವಚನಗಳು ಹಾಡಾಗಿಯೂ ಮಾತಾಗಿಯೂ ಇವೆ. ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾಗಿ ಊರೂರಿಗೆ ನಾಟಕ ಒಯ್ಯುವ ಶಿವಸಂಚಾರದ ನಟರ ಬಾಯಲ್ಲಿ ವಚನ ಸಂಭಾಷಣೆಯಾಗಿ ಬಂದಾಗ, ಹಿಂದುಸ್ತಾನಿ ರಾಗದಲ್ಲಿ ಹಾಡಿದಾಗ ಕಾಣದ ಒಂದು ಸಂಗತಿ ಕಾಣುತ್ತದೆ. ವಚನಕ್ಕೆ ಗಣದ ಲೆಕ್ಕವಿಲ್ಲ. ಅದರ ಲಯ ಸಮಾನ ವಾಕ್ಯಗಳ ಮರುಕಳಿಕೆಯಿಂದ ಬರುವಂಥದು, ಸ್ಲ್ಯಾಮ್ ಕವಿಗಳು ವಾದ್ಯವಿಲ್ಲದೆ ಕಂಡುಕೊಂಡದ್ದೂ ಇದೇ ಉಪಾಯವನ್ನು. ಆದರೆ ವಚನದಲ್ಲಿ ಅಂಕಿತವಿದೆ. ಕೊನೆಗೆ ಬರುವ ಆ ದೇವರ ಹೆಸರು ಮಾತು ಮುಗಿಯಿತೆಂದು ಹೇಳುವ ಕೆಲಸವನ್ನೂ ಮಾಡುತ್ತದೆ, ಕೇಳುವವರು ಅದಕ್ಕಾಗಿ ಕಾಯುತ್ತಿರುತ್ತಾರೆ. ಬಾಸ್ಕರಿಗೆ ಕೊನೆಯ ಪ್ರಾಸ ಆ ಕೆಲಸ ಮಾಡುತ್ತದೆ, ಜಜಲ್‌ಗೆ ಹಿಮ್ಮೇಳ, ಜಾಥಾದ ಹಾಡಿಗೆ ಪಲ್ಲವಿ. ಕೊನೆಗೊಳ್ಳುವ ಇಂಥ ಗೊತ್ತಾದ ಕಟ್ಟು ಇಲ್ಲದ ಸ್ಲ್ಯಾಮ್ ಕವಿ ಧ್ವನಿ ತಗ್ಗಿಸಿ, ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಥ್ಯಾಂಕ್ಯೂ ಎಂದು ಹೇಳಬೇಕಾಗುತ್ತದೆ. ಮೊಬೈಲಿನ ರೀಲಿಗೆ ಅದೂ ಇಲ್ಲ, ಮುಗಿದ ಮರುಕ್ಷಣ ಅದು ತಾನಾಗಿಯೇ ಮೊದಲಿನಿಂದ ಶುರುವಾಗುತ್ತದೆ. ಅದನ್ನು ಅರಿತ ಕೆಲವರು ಈಗ ಕೊನೆಯ ಸಾಲನ್ನು ಅರ್ಧಕ್ಕೇ ಬಿಟ್ಟು, ಅದರ ಉಳಿದರ್ಧ ಮೊದಲ ಸಾಲೇ ಆಗುವಂತೆ ಬರೆಯತೊಡಗಿದ್ದಾರೆ.